ಸಮವಸ್ತ್ರವನ್ನು ಕೊಳ್ಳಬಹುದು, ಲಾಂಛನವನ್ನು ಗಳಿಸಬೇಕು

ಬೇಗಂಪೇಟೆಯ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಸೇನಾ ಸಮವಸ್ತ್ರ ಹೊಸದಲ್ಲ. ಒಂದೆಡೆ ವಾಯುಪಡೆಯ ನಿಲ್ದಾಣ, ಇನ್ನೊಂದೆಡೆ 1806ರಿಂದ ಬೆಳೆದುಬಂದ ಸಿಕಂದರಾಬಾದಿನ ದಂಡುಪ್ರದೇಶ. ಇಲ್ಲಿ ಓದುವ ನಮ್ಮ ಮಕ್ಕಳು ರಾಷ್ಟ್ರೀಯ ಕೆಡೆಟ್ ದಳವನ್ನು, ಅಂದರೆ ಎನ್.ಸಿ.ಸಿ.ಯನ್ನು ಸೇರಿದಾಗ ತಂದೆತಾಯಂದಿರಿಗೆ ಎದುರಾಗುವ ಮೊದಲ ಪ್ರಶ್ನೆ ಸಮವಸ್ತ್ರದ್ದೇ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳಬಾರದು?

ಹಿಂದೆ ಈ ಪ್ರಶ್ನೆಗೆ ಅಷ್ಟಾಗಿ ಎಡೆಯಿರಲಿಲ್ಲ. ಸಮವಸ್ತ್ರಗಳನ್ನು ಕೇಂದ್ರೀಯವಾಗಿ ಖರೀದಿಸಿ ಹಂಚಲಾಗುತ್ತಿತ್ತು. 2022ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಡನೆ ಆದ ಒಪ್ಪಂದದಂತೆ 'ಪೆಹಲೀ ಉಡಾನ್' ಹೆಸರಿನ ಶೂನ್ಯ ಶಿಲ್ಕಿನ ಖಾತೆಗಳನ್ನು ತೆರೆದು, ಸಮವಸ್ತ್ರದ ಭತ್ಯೆಯನ್ನು ಕೆಡೆಟ್‌ಗಳ ಖಾತೆಗೇ ಜಮಾ ಮಾಡುವ ವ್ಯವಸ್ಥೆ ಬಂದಿತು. ಹೀಗಾಗಿ ಆಯ್ಕೆಯ ಹೊಣೆ ಈಗ ಮನೆಯವರ ಮೇಲೂ ಬಿದ್ದಿದೆ.

ಎನ್.ಸಿ.ಸಿ. ಹುಟ್ಟಿದ್ದು 1948ರ ಕಾಯಿದೆಯಿಂದ. ಇದರಲ್ಲಿ ಮೂರು ವಿಭಾಗಗಳಿವೆ. ಭೂಸೇನಾ ವಿಭಾಗಕ್ಕೆ ಖಾಕಿ, ನೌಕಾ ವಿಭಾಗಕ್ಕೆ ಬಿಳಿ, ವಾಯು ವಿಭಾಗಕ್ಕೆ ನೀಲಿ ಛಾಯೆಯ ಉಡುಪು. 1954ರಲ್ಲಿ ಬಳಕೆಗೆ ಬಂದ ದಳದ ಧ್ವಜದಲ್ಲೂ ಈ ಮೂರು ಸೇನೆಗಳೇ ಬಣ್ಣಗಳಾಗಿ ನಿಂತಿವೆ: ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಧ್ವಜದ ಮೇಲಿನ 17 ಕಮಲಗಳು ದೇಶದಲ್ಲಿರುವ 17 ನಿರ್ದೇಶನಾಲಯಗಳನ್ನು ಸೂಚಿಸುತ್ತವೆ.

ಬಟ್ಟೆ ಎಲ್ಲರಿಗೂ ಒಂದೇ. ಉಳ್ಳವರ ಮಗನಿಗೂ ಇಲ್ಲದವರ ಮಗಳಿಗೂ ಅದರಲ್ಲಿ ಭೇದವಿಲ್ಲ. ಭೇದವನ್ನು ತೋರುವುದು ಲಾಂಛನ ಮಾತ್ರ. ಭೂಸೇನಾ ವಿಭಾಗದಲ್ಲಿ ತೋಳಿನ ಮೇಲೆ ಒಂದು ಕೋನಪಟ್ಟಿಯಿದ್ದರೆ ಲ್ಯಾನ್ಸ್ ಕಾರ್ಪೊರಲ್, ಎರಡಿದ್ದರೆ ಕಾರ್ಪೊರಲ್, ಮೂರಿದ್ದರೆ ಸಾರ್ಜೆಂಟ್. ಹಿರಿಯ ಕೆಡೆಟ್‌ಗಳಲ್ಲಿ ಅತ್ಯುನ್ನತ ಸ್ಥಾನ ಸೀನಿಯರ್ ಅಂಡರ್ ಆಫೀಸರ್‌ನದು. ಈ ಪಟ್ಟಿಗಳೆಲ್ಲ ಅಂಗಡಿಯಲ್ಲಿ ದೊರೆಯಬಹುದು. ಆದರೆ ಘಟಕವು ನೀಡದ ಹೊರತು ಧರಿಸುವಂತಿಲ್ಲ. ಚಂದ ಕಾಣುತ್ತದೆಂದು ಮಗುವಿನ ತೋಳಿಗೆ ಒಂದು ಪಟ್ಟಿ ಹೆಚ್ಚಿಗೆ ಹೊಲಿಸಿದರೆ, ಅದನ್ನು ದುಡಿದು ಪಡೆದ ಮತ್ತೊಂದು ಮಗುವಿಗೆ ಅನ್ಯಾಯ ಮಾಡಿದಂತೆ.

ಇನ್ನು ಶಿಬಿರದ ಸಾಮಗ್ರಿ. ಹಣ ಖರ್ಚು ಮಾಡುವುದಾದರೆ ಮೊದಲು ಬೂಟಿಗೆ ಮಾಡಬೇಕೆಂದು ನಾವು ಸೂಚಿಸುತ್ತೇವೆ. ಕಾಲುಚೀಲ ತೊಟ್ಟೇ ಅಳತೆ ನೋಡಬೇಕು. ಶಿಬಿರಕ್ಕೆ ಹೊರಡುವ ಮೊದಲು ಕೆಲವು ದಿನ ಮನೆಯಲ್ಲಿ ಹಾಕಿ ನಡೆದು ಪಳಗಿಸಬೇಕು. ಇಲ್ಲವಾದರೆ ಹತ್ತು ದಿನಗಳ ಶಿಬಿರದಲ್ಲಿ ಎರಡನೆಯ ದಿನವೇ ಕಾಲಲ್ಲಿ ಬೊಬ್ಬೆ ಏಳುತ್ತದೆ. ನೀರಿನ ಬಾಟಲಿ, ಊಟದ ತಟ್ಟೆ, ಟಾರ್ಚು, ಗಟ್ಟಿಯಾದ ಬೆನ್ನುಚೀಲ ಇಷ್ಟಿದ್ದರೆ ಸಾಕು.

ಚಿತ್ತಾರದ ಯುದ್ಧ ಉಡುಪಿನ ವಿಷಯದಲ್ಲಿ ಎಚ್ಚರ ಅಗತ್ಯ. ಭೂಸೇನೆಯು 2022ರ ಜನವರಿ 15ರಂದು ಪ್ರದರ್ಶಿಸಿದ ಹೊಸ ಚಿತ್ತಾರದ ಹಕ್ಕನ್ನು ಅದೇ ವರ್ಷ ತನ್ನ ಹೆಸರಿಗೆ ನೋಂದಾಯಿಸಿಕೊಂಡಿದೆ. ಅನುಮತಿಯಿಲ್ಲದೆ ಅದನ್ನು ತಯಾರಿಸಿ ಮಾರುವಂತಿಲ್ಲ. ಸೈನಿಕನಲ್ಲದವನು ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ಅಥವಾ ಲಾಂಛನ ಧರಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 168ನೆಯ ವಿಧಿಯಂತೆ ಮೂರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು.

ಲಾಂಛನದ ಬೆಲೆಯೇನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ನಗರದ ಹೊರವಲಯದ ದುಂಡಿಗಲ್‌ನಲ್ಲಿರುವ ವಾಯುಪಡೆ ಅಕಾಡೆಮಿಯಲ್ಲಿ ಹಾರಾಟದ ತರಬೇತಿ ಮುಗಿಸಿದ ಕೆಡೆಟ್‌ಗಳ ಎದೆಗೆ ಪದವಿಪ್ರದಾನದ ದಿನ 'ವಿಂಗ್ಸ್' ಏರುತ್ತದೆ. 2016ರ ಜೂನ್ 18ರಂದು ಅಲ್ಲಿಂದಲೇ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಯುದ್ಧವಿಮಾನ ಚಾಲಕರಾಗಿ ಹೊರಬಂದರು. ಅವರ ಮುಂದಿನ ತರಬೇತಿ ನಡೆದದ್ದು 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಬೀದರಿನಲ್ಲಿ, ಹಾಕ್ ವಿಮಾನಗಳ ಮೇಲೆ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿಯಿಷ್ಟೇ. ಘಟಕದ ಅಧಿಕಾರಿ ಕೊಟ್ಟ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ. ಅದರಲ್ಲಿಲ್ಲದ ಯಾವ ಲಾಂಛನವನ್ನೂ ಕೊಳ್ಳಬೇಡಿರಿ. ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡುವ, ಬೂಟಿಗೆ ಪಾಲಿಶ್ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಿರಿ. ಶಿಸ್ತಿನ ಮೊದಲ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.