ರಾತ್ರಿಯ ಹೊತ್ತು ಕೈ ಜೋಮುಗಟ್ಟುವುದೇಕೆ?

ಈ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಮೊದಲು ಹಿಂಜರಿದೆನು. ನಾನು ವಾಣಿಜ್ಯ ಪದವೀಧರನು. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಜಮಾ-ಖರ್ಚುಗಳ ನಡುವೆ ಬದುಕಿದವನು. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಒಪ್ಪಿಕೊಂಡೆನು. ಕಾರಣವೇನೆಂದರೆ, ನಮ್ಮ ಮನೆತನದಲ್ಲಿ ಇಬ್ಬರಿಗೆ ಮೇಲುನೋಟಕ್ಕೆ ಒಂದೇ ಎಂದು ತೋರಿದ ತೊಂದರೆ ಬಂದಿತು. ಅವರಲ್ಲಿ ಒಬ್ಬರು ಏಳು ವರ್ಷಗಳ ವಿಳಂಬಕ್ಕೆ ತೆತ್ತ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಲ್ಲಿ ಬರೆದಿರುವುದೆಲ್ಲ ವೈದ್ಯರಿಂದ ಕೇಳಿ, ಓದಿ ತಿಳಿದುಕೊಂಡದ್ದು.

ಛತ್ರಪತಿ ಸಂಭಾಜಿನಗರದಲ್ಲಿ, ಎಂದರೆ 2023ರವರೆಗೆ ನಾವೆಲ್ಲರೂ ಔರಂಗಾಬಾದ್ ಎಂದು ಕರೆಯುತ್ತಿದ್ದ ಊರಿನಲ್ಲಿ, ನನ್ನ ಅಕ್ಕ ನೆಲೆಸಿದ್ದಾಳೆ. ಮನೆಯಲ್ಲಿಯೇ ಹೊಲಿಗೆಯ ಕೆಲಸ. ರಾತ್ರಿ ಎರಡು-ಮೂರು ಗಂಟೆಯ ವೇಳೆಗೆ ಬಲಗೈ ಮರಗಟ್ಟಿ, ಬೆರಳುಗಳಿಗೆ ಸೂಜಿ ಚುಚ್ಚಿದಂತಾಗಿ ಆಕೆಗೆ ಎಚ್ಚರವಾಗುತ್ತಿತ್ತು. ಎದ್ದು ಕುಳಿತು, ಹಿಂದಿನ ಕಾಲದ ಪಾದರಸದ ಥರ್ಮಾಮೀಟರನ್ನು ಕೊಡವುವ ಹಾಗೆ ಕೈಯನ್ನು ನಾಲ್ಕಾರು ಬಾರಿ ಕೊಡವಿದರೆ ಜೋಮು ಇಳಿಯುತ್ತಿತ್ತು. ಬೆಳಗಾದರೆ ಏನೂ ಇಲ್ಲ. ಹಾಗಾಗಿ ಅದನ್ನು ಕಾಯಿಲೆಯೆಂದು ಯಾರೂ ಎಣಿಸಲಿಲ್ಲ. ಒಬ್ಬರು ವಾತವೆಂದರು, ಇನ್ನೊಬ್ಬರು ರಕ್ತ ಕಡಿಮೆಯೆಂದರು, ನೆರೆಮನೆಯವರು ಎಣ್ಣೆ ಕಾಯಿಸಿ ತಂದುಕೊಟ್ಟರು. ಕಡೆಗೆ ಒಬ್ಬ ವೈದ್ಯರು ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಎಲುಬು ಸವೆದಿದೆಯೆಂದು ಕುತ್ತಿಗೆಗೆ ಪಟ್ಟಿ ಹಾಕಿಸಿದರು. ನಡುವಯಸ್ಸು ದಾಟಿದ ಬಹುಮಂದಿಯ ಎಕ್ಸ್‌ರೇಯಲ್ಲಿ ಕುತ್ತಿಗೆಯ ಎಲುಬಿನ ಸವೆತ ಕಾಣುತ್ತದೆ. ಅದು ಕಂಡಿತೆಂದ ಮಾತ್ರಕ್ಕೆ ಕೈಯ ಜೋಮಿಗೆ ಅದೇ ಕಾರಣವಾಗಬೇಕಿಲ್ಲ. ಇದು ನಮಗೆ ತಿಳಿಯುವುದರೊಳಗೆ ಏಳು ವರ್ಷಗಳು ಕಳೆದಿದ್ದವು.

ತೊಂದರೆಯ ಮೂಲವಿದ್ದದ್ದು ಮಣಿಕಟ್ಟಿನಲ್ಲಿ. ಅಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಣೆಗೊಂಡಿವೆ. ಆ ಕಮಾನಿನ ಮೇಲೆ, ಅಂಗೈಯ ಬದಿಗೆ, ದಪ್ಪವಾದ ತಂತುಪಟ್ಟಿಯೊಂದು ಛಾವಣಿಯಂತೆ ಬಿಗಿದುಕೊಂಡಿದೆ. ನಡುವಣ ಇಕ್ಕಟ್ಟಾದ ದಾರಿಯೇ ಮಣಿಕಟ್ಟಿನ ಸುರಂಗ, ವೈದ್ಯರ ಮಾತಿನಲ್ಲಿ ಕಾರ್ಪಲ್ ಟನಲ್. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ಒಂದು ನರವೂ ಈ ದಾರಿಯಲ್ಲಿಯೇ ಹಾದುಹೋಗಬೇಕು. ಮೂಳೆಯಾಗಲಿ ಪಟ್ಟಿಯಾಗಲಿ ಹಿಗ್ಗುವಂಥವಲ್ಲ. ಒಳಗೆ ಯಾವುದೇ ಕಾರಣದಿಂದ ಸ್ವಲ್ಪ ಊತ ಬಂದರೂ ಒತ್ತಡವೆಲ್ಲ ಮೆತ್ತಗಿನ ಆ ನರದ ಮೇಲೆ ಬೀಳುತ್ತದೆ. ನರವನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳು ಅದುಮಲ್ಪಟ್ಟು ನರವು ಉಪವಾಸ ಬೀಳುತ್ತದೆ. ಅದರ ದೂರೇ ಜೋಮು.

ಹಗಲಿಗಿಂತ ರಾತ್ರಿಯೇ ಏಕೆ ಹೆಚ್ಚು? ನಿದ್ರೆಯಲ್ಲಿ ನಾವು ತಿಳಿಯದೆಯೇ ಮಣಿಕಟ್ಟನ್ನು ಒಳಕ್ಕೆ ಮಡಚಿಕೊಂಡು ಅಥವಾ ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತೇವೆ. ಮಣಿಕಟ್ಟು ಒಳಕ್ಕಾಗಲಿ ಹೊರಕ್ಕಾಗಲಿ ಬಾಗಿದಾಗ ಸುರಂಗದ ಒತ್ತಡ ಏರುತ್ತದೆ. ಹಗಲೆಲ್ಲ ಕಾಲಿನ ಕಡೆಗೆ ಇಳಿದಿದ್ದ ದ್ರವಾಂಶವು ಮಲಗಿದಾಗ ದೇಹದಲ್ಲೆಲ್ಲ ಹರಡಿಕೊಳ್ಳುತ್ತದೆ. ಬೆರಳುಗಳ ಚಲನೆಯೂ ಇಲ್ಲದ್ದರಿಂದ ಆ ದ್ರವ ಬೇಗ ಮರಳದು. ಕೈ ಕೊಡವಿದಾಗ ಹಾಯೆನಿಸುವುದೂ ಇದೇ ಕಾರಣದಿಂದಲೇ. ರಾತ್ರಿ ಎದ್ದು ಕೈ ಕೊಡವುತ್ತೀರಾ ಎಂಬ ಪ್ರಶ್ನೆಯನ್ನು ಅನುಭವಿ ವೈದ್ಯರು ತಪ್ಪದೆ ಕೇಳುತ್ತಾರೆ.

ಈ ರೋಗವನ್ನು ಗುರುತಿಸಲು ಪಂಡಿತರಿಗೂ ಬಹುಕಾಲ ಹಿಡಿಯಿತೆಂಬುದು ನನಗೆ ಸ್ವಲ್ಪ ಸಮಾಧಾನ ಕೊಟ್ಟ ಸಂಗತಿ. ಮಣಿಕಟ್ಟಿನ ಬಳಿ ಮೂಳೆ ಮುರಿದ ಬಳಿಕ ಈ ನರವು ಅದುಮಿಹೋದುದನ್ನು ಲಂಡನ್ನಿನ ಜೇಮ್ಸ್ ಪ್ಯಾಜೆಟ್ 1854ರಲ್ಲಿ ಬರೆದಿಟ್ಟನು. 1880ರಲ್ಲಿ ಬೋಸ್ಟನ್ನಿನ ಜೇಮ್ಸ್ ಪಟ್ನಮ್, ರಾತ್ರಿ ಕೈ ಜೋಮುಗಟ್ಟಿ ಏಳುತ್ತಿದ್ದ, ಹೆಚ್ಚಾಗಿ ಸ್ತ್ರೀಯರೇ ಆಗಿದ್ದ ರೋಗಿಗಳನ್ನು ವರ್ಣಿಸಿದನು. ಆದರೆ ತಪ್ಪು ರಕ್ತನಾಳಗಳದಿರಬಹುದೆಂದು ಎಣಿಸಿದನು. 1913ರಲ್ಲಿ ಪ್ಯಾರಿಸ್ಸಿನ ಮಾರಿ ಮತ್ತು ಫುವಾ ಎಂಬ ವೈದ್ಯರು ಹೆಬ್ಬೆರಳಿನ ಬುಡ ಬತ್ತಿಹೋಗಿದ್ದ ರೋಗಿಯೊಬ್ಬರ ಕೈಯನ್ನು ಮರಣಾನಂತರ ಪರೀಕ್ಷಿಸಿ, ನರವು ಪಟ್ಟಿಯ ಅಂಚಿನಲ್ಲಿ ಊದಿಕೊಂಡಿದ್ದುದನ್ನು ಕಂಡರು. ಪಟ್ಟಿಯನ್ನು ಸಕಾಲದಲ್ಲಿ ಕೊಯ್ದು ಬಿಡಿಸಿದರೆ ಗುಣವಾಗಬಹುದೆಂದೂ ಸೂಚಿಸಿದರು. ಆದರೂ 1950ರ ದಶಕದಲ್ಲಿ ಅಮೆರಿಕೆಯ ಜಾರ್ಜ್ ಫೇಲನ್ ಒತ್ತಿ ಹೇಳುವವರೆಗೆ ಬಹುಮಂದಿ ವೈದ್ಯರು ಇದರ ಮೂಲವನ್ನು ಕುತ್ತಿಗೆ-ಭುಜಗಳಲ್ಲಿಯೇ ಹುಡುಕುತ್ತಿದ್ದರು. ಅಕ್ಕನ ಕುತ್ತಿಗೆಪಟ್ಟಿಗೆ ಅಷ್ಟು ದೊಡ್ಡ ಪರಂಪರೆಯಿದೆಯೆಂದು ತಿಳಿದಾಗ ನನ್ನ ಕೋಪ ಇಳಿಯಿತು.

ಇನ್ನು ನನ್ನ ಕಥೆ. ಅಕ್ಕನಿಗೆ ರೋಗದ ಹೆಸರು ಗೊತ್ತಾದ ಮರುವರ್ಷ ನಾಸಿಕದಲ್ಲಿ ನನಗೂ ರಾತ್ರಿ ಕೈ ಜೋಮುಗಟ್ಟಲಾರಂಭಿಸಿತು. ನಾನು ಜಾಣನಂತೆ ಆಕೆಯದೇ ಮಾದರಿಯ ಮಣಿಕಟ್ಟಿನ ಪಟ್ಟಿಯನ್ನು ಕೊಂಡು ಧರಿಸಿದೆನು. ಎರಡು ತಿಂಗಳಾದರೂ ಗುಣವಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ನನ್ನ ತಪ್ಪನ್ನು ಬಯಲುಮಾಡಿತು: ಯಾವ ಬೆರಳುಗಳು?

ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಎಂದರೆ ನಾವು ನೋಟು ಎಣಿಸಲು ಬಳಸುವ ಬೆರಳುಗಳು, ಮೀಡಿಯನ್ ನರದ ಪಾಲಿನವು. ಕಿರುಬೆರಳು ಅಲ್ನಾರ್ ಎಂಬ ಬೇರೊಂದು ನರದ್ದು. ಉಂಗುರಬೆರಳು ಮಾತ್ರ ಜಂಟಿ ಖಾತೆ. ನಡುಬೆರಳಿನ ಕಡೆಯ ಅರ್ಧ ಒಂದು ನರಕ್ಕೆ, ಕಿರುಬೆರಳಿನ ಕಡೆಯ ಅರ್ಧ ಇನ್ನೊಂದಕ್ಕೆ. ಅಕ್ಕನ ಉಂಗುರಬೆರಳಿನ ಒಂದು ಪಕ್ಕ ಮರಗಟ್ಟಿದರೆ ಮತ್ತೊಂದು ಪಕ್ಕ ನೆಟ್ಟಗಿರುತ್ತಿತ್ತು. ನನ್ನದು ಸರಿಯಾಗಿ ಅದರ ತಿರುವುಮುರುವು. ಅಲ್ನಾರ್ ನರವು ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಸುತ್ತಿಬರುತ್ತದೆ. ಮೊಣಕೈಗೆ ಏಟು ಬಿದ್ದಾಗ ವಿದ್ಯುತ್ತು ಹರಿದಂತಾಗುವುದು ಇದಕ್ಕೇ. ಹಗಲೆಲ್ಲ ಮೇಜಿನ ಮೇಲೆ ಮೊಣಕೈ ಊರಿ ಕುಳಿತು, ರಾತ್ರಿ ಅದೇ ಮೊಣಕೈಯನ್ನು ಪೂರ್ತಿ ಮಡಚಿ ಕೆನ್ನೆಯ ಕೆಳಗಿಟ್ಟು ಮಲಗುವುದು ನನ್ನ ಅಭ್ಯಾಸವಾಗಿತ್ತು. ಮಲಗುವಾಗ ಮೊಣಕೈಗೆ ಟವಲನ್ನು ಸಡಿಲವಾಗಿ ಸುತ್ತಿ ಅದು ಹೆಚ್ಚು ಮಡಚದಂತೆ ನೋಡಿಕೊಂಡೆನು. ಮೇಜಿನ ಮೇಲೆ ಊರುವುದನ್ನು ಬಿಟ್ಟೆನು. ಆರು ವಾರಗಳಲ್ಲಿ ಜೋಮು ಹೋಯಿತು.

ನಮ್ಮ ಕಡೆಯವರಿಗೆ ಇಲ್ಲಿ ಒದಗುವ ಒಂದು ಸಣ್ಣ ತೊಡಕನ್ನೂ ಹೇಳಬೇಕು. ಕನ್ನಡದಲ್ಲಿ ಎಲ್ಲವನ್ನೂ ಜೋಮು ಎಂದುಬಿಡುತ್ತೇವೆ. ಮರಾಠಿ ವೈದ್ಯರು ‘ಮುಂಗ್ಯಾ ಯೇತಾತ್ ಕಾ’ ಎಂದು ಕೇಳಿದರೆ ಇರುವೆ ಹರಿದಂತೆ ಚುಮುಚುಮು ಎನ್ನುತ್ತದೆಯೇ ಎಂದರ್ಥ. ‘ಬಧೀರ್’ ಎಂದರೆ ಮುಟ್ಟಿದ್ದೇ ತಿಳಿಯದಿರುವುದು. ಮೊದಲನೆಯದು ನರವು ಕೆರಳಿದ ಲಕ್ಷಣ, ಎರಡನೆಯದು ಸೋಲುತ್ತಿರುವ ಲಕ್ಷಣ. ಅಕ್ಕ ಎರಡಕ್ಕೂ ತಲೆಯಾಡಿಸಿ ಬಂದಿದ್ದಳು. ಎಚ್ಚರವಾದಾಗಲೇ ಯಾವ ಬೆರಳು, ಚುಮುಚುಮುವೋ ಮರಗಟ್ಟುವಿಕೆಯೋ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಮಣಿಕಟ್ಟಿನ ತೊಂದರೆಯು ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಗರ್ಭಿಣಿಯರಿಗೆ ಕಡೆಯ ತಿಂಗಳುಗಳಲ್ಲಿ ಬಂದು ಹೆರಿಗೆಯ ನಂತರ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಮಧುಮೇಹ, ಥೈರಾಯಿಡ್ ಗ್ರಂಥಿಯ ಮಂದತೆ, ಕೀಲುವಾತ ಇವು ಹಿನ್ನೆಲೆಯಲ್ಲಿರಬಹುದಾದ್ದರಿಂದ ರಕ್ತಪರೀಕ್ಷೆ ಅವಶ್ಯ. ಕಂಪ್ಯೂಟರಿನ ಕೀಲಿಮಣೆಯೇ ಕಾರಣವೆಂಬ ನಂಬಿಕೆ ನಮ್ಮ ಬ್ಯಾಂಕಿನವರಲ್ಲಿ ಪ್ರಬಲವಾಗಿದೆ. ಅದಕ್ಕಿರುವ ಆಧಾರ ದುರ್ಬಲ. ಬಲವಾಗಿ ಹಿಡಿದು ಮತ್ತೆಮತ್ತೆ ಮಾಡುವ ಕೆಲಸಕ್ಕೂ ಕಂಪಿಸುವ ಯಂತ್ರಗಳಿಗೂ ಇರುವ ಸಂಬಂಧ ಹೆಚ್ಚು ಗಟ್ಟಿಯಾದುದು. ನಿಫಾಡ, ದಿಂಡೋರಿಗಳ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟಣಿಯ ವೇಳೆ ದಿನವಿಡೀ ಕತ್ತರಿ ಒತ್ತುವವರು, ವಾಳೂಜಿನ ಕಾರ್ಖಾನೆಗಳಲ್ಲಿ ಬೋಲ್ಟು ಬಿಗಿಯುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಸಾಲಕ್ಕೆಂದು ನಮ್ಮ ಶಾಖೆಗೆ ಬರುವ ತೋಟದ ಹೆಣ್ಣಾಳುಗಳು ಸಹಿ ಹಾಕುವ ಮುನ್ನ ಕೈ ಕೊಡವುವುದನ್ನು ನಾನು ಈಗ ಗಮನಿಸುತ್ತೇನೆ.

ಎಲ್ಲ ಜೋಮಿಗೂ ಮಣಿಕಟ್ಟು-ಮೊಣಕೈಗಳೇ ಕಾರಣವಲ್ಲ. ಎರಡೂ ಕಾಲುಗಳ ಬೆರಳುಗಳಿಂದ ಮೊದಲಾಗಿ ಆಮೇಲೆ ಕೈಗೆ ಬಂದರೆ ಮಧುಮೇಹವನ್ನೋ ಬಿ-12 ಜೀವಸತ್ವದ ಕೊರತೆಯನ್ನೋ ಶಂಕಿಸಬೇಕು. ಮಾಂಸಾಹಾರವಿಲ್ಲದೆ ಹಾಲು-ಮೊಸರನ್ನೂ ಕಡಿಮೆ ಬಳಸುವವರಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಈ ಕೊರತೆ ಕಾಣುವುದುಂಟು. ಹಾಗೆಂದು ಔಷಧದಂಗಡಿಯಿಂದ ನರಕ್ಕೆ ಶಕ್ತಿಯ ಮಾತ್ರೆಗಳನ್ನು ತಂದು ತಿಂಗಳಾನುಗಟ್ಟಲೆ ನುಂಗುವುದು ಸಲ್ಲದು. ಬಿ-6 ಜೀವಸತ್ವವು ಅತಿಯಾದರೆ ಅದೇ ನರಗಳನ್ನು ಕೆಡಿಸಿ ಜೋಮು ತರುತ್ತದೆ. ಕುತ್ತಿಗೆಯಿಂದ ಬಂದದ್ದಾದರೆ ಸಾಮಾನ್ಯವಾಗಿ ಕುತ್ತಿಗೆಯಿಂದ ತೋಳಿನುದ್ದಕ್ಕೂ ನೋವು ಹರಿಯುತ್ತದೆ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಸುಕು ಮಚ್ಚೆಯಿದ್ದು ಕಿರುಬೆರಳು ಮರಗಟ್ಟಿದ್ದರೆ ಕುಷ್ಠದ ಪರೀಕ್ಷೆಗೆ ನಾಚಬಾರದು. ಆರು ತಿಂಗಳು ಇಲ್ಲವೇ ಒಂದು ವರ್ಷದ ಔಷಧದಿಂದ ಅದು ವಾಸಿಯಾಗುತ್ತದೆ, ಆ ಔಷಧ ಸರ್ಕಾರದಿಂದ ಉಚಿತ. ಇನ್ನು, ಒಮ್ಮಿಂದೊಮ್ಮೆಗೆ ಒಂದು ಕೈ ಸೋತು, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಅಥವಾ ಎಡಗೈ ಜೋಮಿನೊಡನೆ ಎದೆ ಬಿಗಿದು ಬೆವರಿದರೆ, ಬೆಳಗಾಗಲೆಂದು ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡತಕ್ಕದ್ದು.

ಅಕ್ಕನ ಪರೀಕ್ಷೆ ಸರಳವಾಗಿತ್ತು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳುಗಳನ್ನು ಕೆಳಗೆ ಬಿಟ್ಟು ಒಂದು ನಿಮಿಷ ಹಿಡಿಯಹೇಳಿದರು; ಅರ್ಧ ನಿಮಿಷದೊಳಗೆ ಜೋಮು ಬಂದಿತು. ಇದು ಫೇಲನನ ಹೆಸರಿನ ಪರೀಕ್ಷೆ. ಆಮೇಲೆ ನರದಲ್ಲಿ ವಿದ್ಯುತ್ ಸಂದೇಶ ಎಷ್ಟು ವೇಗವಾಗಿ ಹರಿಯುತ್ತದೆಂಬುದನ್ನು ಯಂತ್ರದಿಂದ ಅಳೆದರು. ಆರಂಭದ ಹಂತವಾಗಿದ್ದರೆ ರಾತ್ರಿಯ ಹೊತ್ತು ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು ಕೆಲವು ವಾರ ಕಟ್ಟಿಕೊಂಡರೆ ಅನೇಕರಿಗೆ ಸಾಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸುರಂಗದೊಳಕ್ಕೆ ಸ್ಟೀರಾಯಿಡ್ ಚುಚ್ಚುಮದ್ದು. ಅದರ ಗುಣ ಕೆಲವು ತಿಂಗಳು ನಿಲ್ಲುತ್ತದೆ. ಆಕೆಗೆ ಆ ಎರಡೂ ಹಂತಗಳು ದಾಟಿಹೋಗಿದ್ದವು.

ಬ್ಯಾಂಕಿನಲ್ಲಿ ಸಾಲದ ಕಂತು 90 ದಿನಗಳಿಗೂ ಹೆಚ್ಚು ಬಾಕಿಯಾದರೆ ಆ ಖಾತೆಯನ್ನು ಅನುತ್ಪಾದಕವೆಂದು ವರ್ಗೀಕರಿಸುತ್ತೇವೆ. ನರಕ್ಕೆ ಅಂತಹ ನಿಶ್ಚಿತ ಗಡುವಿಲ್ಲ; ಆದರೆ ಎಚ್ಚರಿಕೆಯ ನೋಟೀಸುಗಳುಂಟು. ರಾತ್ರಿಯ ಜೋಮು ಹಗಲಿಗೂ ಬರುವುದು ಮೊದಲನೆಯದು. ಕೈಯಿಂದ ಲೋಟ ಜಾರುವುದು, ರವಿಕೆಯ ಹುಕ್ಕು ಸಿಗದಿರುವುದು ಎರಡನೆಯದು. ಹೆಬ್ಬೆರಳಿನ ಬುಡದ ಉಬ್ಬು ಬತ್ತಿ ಚಪ್ಪಟೆಯಾಗುವುದು ಕಡೆಯದು. ಎರಡೂ ಅಂಗೈಗಳನ್ನು ಅಕ್ಕಪಕ್ಕ ಹಿಡಿದು ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಅಕ್ಕನ ಬಲಗೈಯಲ್ಲಿ ಅದು ಕಾಣುತ್ತಿತ್ತು, ನಾವಾರೂ ನೋಡಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೈಯಷ್ಟನ್ನೇ ಮರಗಟ್ಟಿಸಿ ಛಾವಣಿಯ ಪಟ್ಟಿಯನ್ನು ಕೊಯ್ದು ಬಿಡಿಸಿದರು. ಸಂಜೆಗೆ ಮನೆಗೆ ಬಂದಳು. ಅಂದಿನಿಂದ ರಾತ್ರಿಯ ನಿದ್ರೆ ಮರಳಿತು. ಅಂಗೈಯ ಬುಡದ ನೋವು ಮೂರು ತಿಂಗಳಿಗೆ ಇಳಿಯಿತು. ಹೆಬ್ಬೆರಳಿನ ಕಸುವು ಮಾತ್ರ ಪೂರ್ತಿ ಮರಳಿಲ್ಲ. ದಪ್ಪ ಬಟ್ಟೆ ಕತ್ತರಿಸುವ ಕೆಲಸವನ್ನು ಆಕೆ ಬಿಟ್ಟುಬಿಟ್ಟಿದ್ದಾಳೆ, ರಂಗೋಲಿಯ ಪುಡಿ ಬೆರಳುಗಳ ನಡುವಿನಿಂದ ಎಳೆಯಾಗಿ ಇಳಿಯದೆ ಸುರಿದುಹೋಗುತ್ತದೆ. ಕಳೆದ ಶ್ರಾವಣದಲ್ಲಿ ಆಕೆಯ ಎಡಗೈಗೂ ರಾತ್ರಿ ಜೋಮು ಕಾಣಿಸಿಕೊಂಡಿತು. ಈ ಬಾರಿ ಹತ್ತನೆಯ ದಿನವೇ ವೈದ್ಯರಲ್ಲಿಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬಂದಳು. ದೀಪಾವಳಿಗೆ ನಾವು ಹೋದಾಗ ಪಟ್ಟಿಯನ್ನು ತೆಗೆದಿಟ್ಟಿದ್ದಳು. ಹೆಬ್ಬಾಗಿಲಿನ ರಂಗೋಲಿಯನ್ನು ಎಡಗೈಯಲ್ಲಿ ಹಾಕುವುದನ್ನು ಕಲಿಯುತ್ತಿದ್ದಳು.