ಭೀಮನ ಚಿತ್ರ ಬರೆದವರು ಯಾರು?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಮಗೆ ಭೀಮ, ಕರ್ಣರು ಮೊದಲು ಪರಿಚಯವಾಗುವುದು ಯಕ್ಷಗಾನದ ವೇಷದಲ್ಲಿ. ಬಣ್ಣ, ಕಿರೀಟ ಕಳಚಿಟ್ಟಂತಿದ್ದ ಭೀಮನನ್ನು ನಾನು ಕಂಡಿದ್ದು ಅಜ್ಜನ ಮನೆಯ ಅಟ್ಟದಲ್ಲಿ, ಹಳೆಯ ‘ಚಂದಮಾಮ’ದ ಮುಖಪುಟದಲ್ಲಿ. ತೋಳಿನ ಸ್ನಾಯುಗಳು ಉಬ್ಬಿ ನಿಂತಿದ್ದವು. ಬರೆದವರು ಎಂ.ಟಿ.ವಿ. ಆಚಾರ್ಯ.

ಮದ್ರಾಸಿನ ‘ಚಂದಮಾಮ’ ಕನ್ನಡದಲ್ಲೂ ಬರುತ್ತಿತ್ತು. ಅದಕ್ಕೆ ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳನ್ನು ಹಲವು ಭಾಷೆಗಳ ಮಕ್ಕಳು ನೋಡಿ ಬೆಳೆದರು. ಚಿತ್ರ ಎಲ್ಲರಿಗೂ ನೆನಪಿದೆ, ಬರೆದ ಕನ್ನಡಿಗನ ಹೆಸರು ಗೊತ್ತಿರುವವರು ಕಡಿಮೆ. ಮುಂದೆ ಬೆಂಗಳೂರಿಗೆ ಬಂದ ಅವರು ಅಂಚೆಯ ಮೂಲಕವೂ ಚಿತ್ರಕಲೆ ಕಲಿಸಿದರು. ಕಲಾಶಾಲೆ ಇಲ್ಲದ ಊರಿನ ಮಕ್ಕಳಿಗೂ ಪಾಠ ಮನೆ ಬಾಗಿಲಿಗೇ ಬಂತು.

ಇಂದು ಪಾಠ ಮೊಬೈಲ್‌ನಲ್ಲೇ ಸಿಗುತ್ತದೆ. ಆದರೆ ‘ಚಿತ್ರ ಬರೆದರೆ ಹೊಟ್ಟೆ ತುಂಬ್ತದಾ?’ ಎಂಬ ಪ್ರಶ್ನೆ ಹಾಗೇ ಇದೆ. ಅದಕ್ಕೆ ಹೆದರಿ ಬಿ.ಕಾಂ. ಸೇರಿದವರಲ್ಲಿ ನಾನೂ ಒಬ್ಬ. ಈಗ ಕೆಲಸಕ್ಕೆ ಅರ್ಜಿ ಹಾಕುತ್ತಲೇ ದಿನಕ್ಕೊಂದು ಗಂಟೆ ಪೆನ್ಸಿಲ್ ಹಿಡಿಯುತ್ತೇನೆ. ಮೊನ್ನೆ ಒಬ್ಬ ಭೀಮನನ್ನು ಬರೆದೆ. ತೋಳು ಇನ್ನೂ ಸರಿಬಂದಿಲ್ಲ. ಆದರೂ ಮೂಲೆಯಲ್ಲಿ ನನ್ನ ಹೆಸರು ಬರೆದಿಟ್ಟೆ.