ಕಡಲಂಚಿನ ಟೆಂಟುಗಳು, ಖಾಲಿ ಕೋಣೆಗಳು

ಕೊಲಂಬೊದ ಗಾಲ್ ಫೇಸ್ ಕಡಲಿಗೆ ಅಂಟಿಕೊಂಡು ಉದ್ದಕ್ಕೆ ಚಾಚಿದ ಹುಲ್ಲಿನ ಬಯಲು. ದಕ್ಷಿಣದ ತುದಿಯಲ್ಲಿ 1864ರಷ್ಟು ಹಳೆಯ ಗಾಲ್ ಫೇಸ್ ಹೋಟೆಲು, ಉತ್ತರದ ತುದಿಯಲ್ಲಿ ಕಂಬಸಾಲಿನ ಹಳೆಯ ಸಂಸತ್ ಭವನ. ಅದೀಗ ಅಧ್ಯಕ್ಷರ ಕಾರ್ಯಾಲಯ. ಸಂಜೆಯಾದರೆ ಗಾಳಿಪಟ ಹಾರಿಸುವ ಮಕ್ಕಳು, ಕೊಡೆಯ ಮರೆಯಲ್ಲಿ ಕೂತ ಜೋಡಿಗಳು, ಇಸ್ಸೊ ವಡೆಯ ಗಾಡಿಗಳು. ಚಪ್ಪಟೆ ಬೇಳೆವಡೆಯ ಮೇಲೆ ಚಿಪ್ಪು ಸಮೇತ ಸಿಗಡಿ ಒತ್ತಿ, ಎಣ್ಣೆಗೆ ಬಿಟ್ಟು, ಮೇಲೆ ಈರುಳ್ಳಿ ಚೂರು, ಖಾರದ ಗೊಜ್ಜು ಸುರಿದು ಕೈಗಿಡುತ್ತಾರೆ. ರಸ್ತೆಯಾಚೆ ತಲೆಯೆತ್ತಿ ನೋಡಬೇಕಾದ ಐಷಾರಾಮಿ ಹೋಟೆಲುಗಳು. ಊರಿನ ಬಡವನೂ ಡಾಲರ್ ತಂದ ಅತಿಥಿಯೂ ಒಂದೇ ಗಾಳಿಗೆ ಮೈಯೊಡ್ಡುವ ಜಾಗವಿದು.

2022ರ ಏಪ್ರಿಲ್ 9ರಂದು ಈ ಬಯಲಿನಲ್ಲಿ ಟೆಂಟುಗಳು ಎದ್ದವು. ಅಧ್ಯಕ್ಷ ಗೋಟಬಯ ರಾಜಪಕ್ಸ ಮನೆಗೆ ಹೋಗಲಿ ಎಂದು ಕೂತ ಜನ ಆ ಜಾಗಕ್ಕೆ ‘ಗೋಟಾ ಗೋ ಗಮ’ (‘ಗೋಟಾ ತೊಲಗು’ ಊರು) ಎಂದು ಹೆಸರಿಟ್ಟರು. ನೋಡನೋಡುತ್ತ ಅಲ್ಲೊಂದು ಊರೇ ಆಯಿತು: ಗ್ರಂಥಾಲಯ, ಔಷಧದ ಟೆಂಟು, ಅಡುಗೆಮನೆ, ಸಿನಿಮಾ ತೋರಿಸುವ ಡೇರೆ.

ಅದಕ್ಕೆ ಹತ್ತೇ ದಿನ ಮೊದಲು, ಮಾರ್ಚ್ 30ರಂದು, ಇದೇ ಕೊಲಂಬೊ ಬಂಗಾಳ ಕೊಲ್ಲಿ ದೇಶಗಳ ಕೂಟವಾದ ಬಿಮ್‌ಸ್ಟೆಕ್‌ನ ಶೃಂಗಸಭೆಯ ಆತಿಥ್ಯ ವಹಿಸಿತ್ತು. ಮರುದಿನ ರಾತ್ರಿ ಮಿರಿಹಾನದಲ್ಲಿ ಅಧ್ಯಕ್ಷರ ಖಾಸಗಿ ಮನೆಯೆದುರು ಜನ ಸಿಡಿದೆದ್ದರು.

ಪ್ರತಿಭಟನೆಯೇ ಪ್ರವಾಸೋದ್ಯಮವನ್ನು ಕೆಡಿಸಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. 2018ರಲ್ಲಿ ಶ್ರೀಲಂಕಾಕ್ಕೆ 23.3 ಲಕ್ಷ ವಿದೇಶಿಯರು ಬಂದಿದ್ದರು. ಪ್ರವಾಸದಿಂದ ಬಂದ ಆದಾಯ ಸುಮಾರು 440 ಕೋಟಿ ಡಾಲರ್. 2019ರ ಈಸ್ಟರ್ ದಿನದ ಬಾಂಬ್ ದಾಳಿ ಮೊದಲ ಪೆಟ್ಟು ಕೊಟ್ಟಿತು, ಕೋವಿಡ್ ಉಳಿದದ್ದನ್ನೂ ನುಂಗಿತು. 2021ರ ಆದಾಯ 50 ಕೋಟಿ ಡಾಲರಿನ ಆಸುಪಾಸಿಗೆ ಇಳಿಯಿತು. ಮನಬಂದಂತೆ ತೆರಿಗೆ ಇಳಿಸಿದ್ದು, ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಷೇಧಿಸಿದ್ದು, ತಲೆಯ ಮೇಲಿದ್ದ ಸಾಲ ಎಲ್ಲವೂ ಸೇರಿ ಬೊಕ್ಕಸದಲ್ಲಿ ಡಾಲರ್ ಬತ್ತಿತು. ಡಾಲರ್ ಇಲ್ಲದೆ ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ಔಷಧವಿಲ್ಲ. ಅಂದರೆ ಅತಿಥಿಗಳು ಬಾರದೆ ಹೋದದ್ದೂ ಈ ಸಿಟ್ಟಿನ ಬೇರುಗಳಲ್ಲೊಂದು. ಸಿಟ್ಟು ಬೀದಿಗೆ ಬಂದಾಗ ಬರುತ್ತಿದ್ದವರೂ ನಿಂತರು.

ಆ ದಿನಗಳ ಬೀದಿಯಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಸಿಲಿಂಡರ್‌ಗಳು. ದಿನಗಟ್ಟಲೆ ಕ್ಯೂ ನಿಲ್ಲಲಾಗದವರು ತಮ್ಮ ಬದಲಿಗೆ ಖಾಲಿ ಸಿಲಿಂಡರ್ ಇಟ್ಟು, ಕಳುವಾಗದಂತೆ ಒಂದಕ್ಕೊಂದು ಸರಪಳಿ ಬಿಗಿದು ಹೋಗುತ್ತಿದ್ದರು. ಪಕ್ಕದಲ್ಲಿ ತ್ರೀವೀಲರ್‌ಗಳ ಸಾಲು. ಚಾಲಕರು ಸೀಟಿನಲ್ಲೇ ಮುದುಡಿ ನಿದ್ದೆಹೋಗುತ್ತಿದ್ದರು. ಮಾರ್ಚ್‌ನಲ್ಲಿ 1,06,500 ಇದ್ದ ವಿದೇಶಿ ಪ್ರವಾಸಿಗರ ಸಂಖ್ಯೆ ಮೇ ತಿಂಗಳಿಗೆ 30,207ಕ್ಕೆ ಕುಸಿಯಿತು.

ಪ್ರವಾಸಿಗರು ಹೋರಾಟದ ಗುರಿಯಾಗಿರಲಿಲ್ಲ. ಆದರೆ ಪ್ರವಾಸದ ವ್ಯವಹಾರ ನಡೆಯುವುದು ಬೇರೆ ಕಡೆ. ಜುಲೈ ಮೊದಲ ವಾರ ಬ್ರಿಟನ್ ಸರ್ಕಾರ, ತೀರಾ ಅಗತ್ಯವಿದ್ದರಷ್ಟೇ ಹೋಗಿ ಎಂದು ತನ್ನ ಪ್ರಜೆಗಳಿಗೆ ಹೇಳಿತು. ಇಂಥ ಒಂದು ಸಾಲು ಹೊರಬಿದ್ದರೆ ಸಾಮಾನ್ಯವಾಗಿ ಪ್ರವಾಸ ವಿಮೆ ಊರ್ಜಿತವಾಗುವುದಿಲ್ಲ. ವಿಮೆ ಇಲ್ಲದೆ ಟೂರ್ ಕಂಪನಿ ಗುಂಪು ಕಳಿಸುವುದಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬನೇ ತಿರುಗುವ ಹುಡುಗ ಧೈರ್ಯ ಮಾಡಿಯಾನು. ಬೆಂಗಳೂರಿನಿಂದ ಕೊಲಂಬೊ ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿ; ಆದರೂ ಮುನ್ನೂರು ಡೀಲರುಗಳನ್ನು ಮೀಟಿಂಗಿಗೆ ಕರೆದೊಯ್ಯಬೇಕಾದ ಕಂಪನಿಗೆ ಆ ಧೈರ್ಯ ಬರುವುದಿಲ್ಲ. ಬಸ್ಸಿಗೆ ಡೀಸೆಲ್ ಸಿಕ್ಕೀತೇ, ರಾತ್ರಿ ಕರ್ಫ್ಯೂ ಬಿದ್ದರೆ ಊಟವೆಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಕಾರ್ಯಕ್ರಮ ಬ್ಯಾಂಕಾಕಿಗೋ ದುಬೈಗೋ ಹೋಗುತ್ತದೆ. ದೊಡ್ಡ ಸಮ್ಮೇಳನಗಳ ಜಾಗವನ್ನು ವರ್ಷ, ಎರಡು ವರ್ಷ ಮೊದಲೇ ಗೊತ್ತು ಮಾಡುವುದರಿಂದ, ಬೀದಿ ತಣ್ಣಗಾದ ಮೇಲೂ ಸಭಾಂಗಣಗಳು ಖಾಲಿ ಉಳಿಯುತ್ತವೆ. ಈ ನಷ್ಟ ಯಾವ ಫೋಟೊದಲ್ಲೂ ಸಿಗುವುದಿಲ್ಲ. ಏಷ್ಯಾ ಕಪ್ ಕ್ರಿಕೆಟ್ ಯುಎಇಗೆ ಹೋದದ್ದು ಎಲ್ಲರ ಕಣ್ಣಿಗೂ ಕಂಡಿತು, ಅಷ್ಟೆ.

ಅದಕ್ಕೇ ಆಸ್ಟ್ರೇಲಿಯಾ ತಂಡ ಬಂದದ್ದು ಅಲ್ಲಿನವರ ಎದೆಗೆ ತಾಕಿತು. ಜೂನ್ 24ರ ಕೊನೆಯ ಏಕದಿನ ಪಂದ್ಯಕ್ಕೆ ಪ್ರೇಮದಾಸ ಕ್ರೀಡಾಂಗಣದಲ್ಲಿ ಶ್ರೀಲಂಕಾದವರು ಎದುರಾಳಿಯ ಹಳದಿ ಬಣ್ಣ ತೊಟ್ಟು ಕೂತರು, ಧನ್ಯವಾದದ ಫಲಕ ಎತ್ತಿ ಹಿಡಿದರು. ಜುಲೈ 9ರಂದು ಗಾಲೆಯಲ್ಲಿ ಎರಡನೇ ಟೆಸ್ಟಿನ ಎರಡನೇ ದಿನ. ಮೈದಾನಕ್ಕೆ ಒರಗಿದಂತಿರುವ ಡಚ್ಚರ ಕೋಟೆಯ ಗೋಡೆ ತುಂಬ ಬಾವುಟ, ಘೋಷಣೆ. ಕೆಳಗೆ ಬ್ಯಾಟು ಚೆಂಡಿನ ಆಟ. ಅದೇ ಹೊತ್ತಿಗೆ ಕೊಲಂಬೊದಲ್ಲಿ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿ ಈಜುಕೊಳಕ್ಕೆ ಹಾರಿದ್ದರು. ಆಟ ನಿಲ್ಲಲಿಲ್ಲ. ಚಾಂಡಿಮಾಲ್ ಅಜೇಯ 206 ಹೊಡೆದರು, ಶ್ರೀಲಂಕಾ ಇನಿಂಗ್ಸ್ ಮತ್ತು 39 ರನ್ನಿನಿಂದ ಗೆದ್ದಿತು. ನಿವಾಸಕ್ಕೆ ಜನ ನುಗ್ಗಿದ ನಾಲ್ಕು ದಿನದೊಳಗೆ ಗೋಟಬಯ ದೇಶ ಬಿಟ್ಟರು.

ಟೆಂಟು ಇದ್ದದ್ದು ಕೊಲಂಬೊದಲ್ಲಿ. ಏಟು ಬಿದ್ದದ್ದು ಯಾಲ ಕಾಡಂಚಿನ ಜೀಪಿನವನಿಗೆ, ನುವಾರ ಎಲಿಯದ ಸೀತಾ ಗುಡಿಗೆ ಭಾರತದ ಯಾತ್ರಿಕರನ್ನು ಏರಿಸಿ ಇಳಿಸುತ್ತಿದ್ದ ವ್ಯಾನಿನವನಿಗೆ. ಅವರ ಸಿಟ್ಟೂ ಗಾಲ್ ಫೇಸಿನ ಸಿಟ್ಟೇ. ಆದರೆ ನ್ಯಾಯ ಕೇಳಿದ್ದಕ್ಕೆ ಅವರು ತೆತ್ತದ್ದು ಹೆಚ್ಚು, ಅದನ್ನು ಯಾರೂ ಲೆಕ್ಕ ಹಾಕಿಕೊಡಲಿಲ್ಲ. ಪ್ರವಾಸಿಗರಿಗೆ ಆಮೇಲೆ ಇಂಧನದ ಪ್ರತ್ಯೇಕ ಪಾಸ್ ಬಂತು. ಅಷ್ಟರಲ್ಲಿ ಎಷ್ಟೋ ಮುಂಗಡಗಳು ವಾಪಸಾಗಿದ್ದವು.

2024ರಲ್ಲಿ ಮತ್ತೆ 20 ಲಕ್ಷಕ್ಕೂ ಮಿಕ್ಕಿ ವಿದೇಶಿಯರು ಬಂದರು. ಆದರೆ 2022ರ ಒಂದೇ ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಅರಸಿ ದೇಶ ಬಿಟ್ಟಿದ್ದರು. ಅವರಲ್ಲಿ ಹೋಟೆಲ್ ಕೆಲಸದಲ್ಲಿ ಪಳಗಿದ ಕೈಗಳೂ ಇದ್ದವು. ಕೋಣೆಗಳು ತುಂಬತೊಡಗಿದಾಗ ಅಡುಗೆಮನೆಗೆ ಜನ ಸಾಲದೆ, ಹೋಟೆಲಿನವರು ಹೊಸ ಹುಡುಗರಿಗೆ ಮೊದಲಿನಿಂದ ಕೆಲಸ ಕಲಿಸಬೇಕಾಯಿತು.